ಬಾಗಿಲಿಗೊಂದು ಹಸಿರು ಸಿಂಬೆ

ಚನ್ನಗಿರಿ ತಾಲ್ಲೂಕಿನ ನಮ್ಮ ನಲ್ಲೂರಿನಲ್ಲಿ ಯಾರ ಮನೆಯ ಮುಂದೆ ನಿಂತರೂ ಬಾಗಿಲ ಮೇಲೊಂದು ಸಂಸಾರವೇ ಕಾಣುತ್ತದೆ. ಯುಗಾದಿಗೆ ಕಟ್ಟಿದ ಮಾವಿನ ತೋರಣ ಗೌರಿಹಬ್ಬ ಬಂದರೂ ಇಳಿದಿರುವುದಿಲ್ಲ. ಅದರ ಪಕ್ಕ ಅಮಾವಾಸ್ಯೆಯ ನಿಂಬೆ-ಮೆಣಸಿನಕಾಯಿ, ಕಪ್ಪು ದಾರದ ಪಟಿಕ, ಬೂದುಗುಂಬಳ. ಇವುಗಳ ನಡುವೆ ಬೇರು ಮೇಲಾಗಿ ನೇತಾಡುವ ಒಂದು ಲೋಳೆಸರ. ಉಳಿದವೆಲ್ಲ ಒಣಗುವ, ಕೊಳೆಯುವ ಸರದಿಯಲ್ಲಿರುವಾಗ ಅದೊಂದು ಮಾತ್ರ ಬದುಕಿರುತ್ತದೆ.

ಹತ್ತಿರ ಹೋಗಿ ನೋಡಿ. ಕಟ್ಟಿದ ಹೊಸತರಲ್ಲಿ ಎಲೆಗಳು ನೆಟ್ಟಗೆ ನೆಲ ನೋಡುತ್ತಿರುತ್ತವೆ. ಆಮೇಲೆ ತುದಿಗಳು ಒಂದೊಂದಾಗಿ ಮೇಲಕ್ಕೆ ಬಾಗುತ್ತವೆ. ಹೊರಗಿನ ಎಲೆಗಳು ತೆಳ್ಳಗಾಗಿ, ಅಂಚು ಒಳಕ್ಕೆ ಮಡಚಿ, ಕೆಂಪಗೆ ಒಣಗುತ್ತವೆ. ಅವುಗಳ ನೀರನ್ನೇ ನಂಬಿ ನಡುವಿನ ಸುಳಿ ಹೊಸ ಎಲೆ ಬಿಡುತ್ತದೆ. ಮಣ್ಣಿಲ್ಲ, ನೀರಿಲ್ಲ, ಸಾಲದ್ದಕ್ಕೆ ಊರಿನವರ ಕೆಟ್ಟ ಕಣ್ಣು ತಡೆಯುವ ಕೆಲಸ ಬೇರೆ. ದೃಷ್ಟಿ ತಾಗುತ್ತದೋ ಇಲ್ಲವೋ, ಆ ವಾದಕ್ಕೆ ನಾನು ಹೋಗುವುದಿಲ್ಲ. ಇಷ್ಟು ಕಡಿಮೆ ಸಂಬಳಕ್ಕೆ ಇಷ್ಟು ದಿನ ದುಡಿಯುವವರು ಅಡಿಕೆ ಸೀಸನ್ನಿನಲ್ಲಿ ನಮಗೆ ಸಿಗುವುದಿಲ್ಲ ಎಂಬುದಂತೂ ನಿಜ.

ಗುಟ್ಟು ಎಲೆಯ ರಂಧ್ರಗಳಲ್ಲಿದೆ. ಬೇರೆ ಗಿಡಗಳು ಹಗಲು ಅವನ್ನು ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಅದೇ ದಾರಿಯಲ್ಲಿ ನೀರೂ ಆವಿಯಾಗಿ ಹೋಗುತ್ತದೆ. ಲೋಳೆಸರ, ಕತ್ತಾಳೆ, ಕಾಡುಬಸಳೆಯಂಥವು ಹಗಲು ಕದ ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ತೆರೆಯುತ್ತವೆ. ರಾತ್ರಿ ಹಿಡಿದದ್ದನ್ನು ಹುಳಿಯಾಗಿ ಕೂಡಿಟ್ಟು, ಬಿಸಿಲು ಬಂದ ಮೇಲೆ ಅದರಿಂದಲೇ ಸಕ್ಕರೆ ಮಾಡಿಕೊಳ್ಳುತ್ತವೆ. ಟಿಪ್ಪುವಿನ ನಂತರ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಕಂಪನಿಯ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನ್, ಕಾಡುಬಸಳೆ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ ಎಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಬರೆದು ಕಳಿಸಿದ. 1815ರಲ್ಲಿ ಅದು ಅಚ್ಚಾಯಿತು. ಹಿತ್ತಲಿನ ಎಲೆಯನ್ನು ಮೂರು ಹೊತ್ತೂ ಮೆಲ್ಲುವ ಪುರಸೊತ್ತು ಅಂಥವರಿಗೇ ಇರಬೇಕು!

ಪಶ್ಚಿಮದವರು ಕ್ರಿಸ್‌ಮಸ್ಸಿಗೆ ಪೈನ್, ಫರ್ ಕೊಂಬೆಗಳನ್ನು ಬಳೆಯಾಗಿ ಸುತ್ತಿ ಬಾಗಿಲಿಗೆ ತೂಗುಹಾಕುತ್ತಾರೆ. ನಮ್ಮ ತೋರಣದ ಹಾಗೆ ಅದಕ್ಕೂ ಹಬ್ಬದಷ್ಟೇ ಆಯಸ್ಸು. ಒಣಗದೆ ಉಳಿಯಲಿ ಎಂದು ಕೆಲವರು ಕೊಂಬೆಯ ಬದಲು ತಂತಿಯ ಬಳೆಗೆ ಸ್ಫ್ಯಾಗ್ನಮ್ ಪಾಚಿ ತುಂಬಿ, ಎಚೆವೇರಿಯಾ, ಸೆಡಮ್‌ನಂಥ ದಪ್ಪ ಎಲೆಯ ಗಿಡಗಳ ತುಂಡು ನೆಡುತ್ತಾರೆ. ಆ ಪಾಚಿಯ ಬೆಲೆ ಕೇಳಿದರೆ ಅಡಿಕೆಯೇ ಅಗ್ಗವೇನೋ ಅನಿಸುತ್ತದೆ.

ನಲ್ಲೂರಿನಲ್ಲಿ ಅದರ ಹಂಗೇಕೆ? ತೆಂಗಿನ ನಾರಿದೆ. ಬೇಲಿಗೆ ತಂದು ಮಿಕ್ಕ ತಂತಿ ಇದೆ. ಒಂದಡಿ ಅಗಲದ ಎರಡು ಬಳೆ ಮಾಡಿ, ನಡುವೆ ನೆನೆಸಿ ಹಿಂಡಿದ ನಾರು ತುಂಬಿ, ಸಣ್ಣ ತಂತಿ ಬಿಗಿದರೆ ಆಯಿತು. ಹೊಸ ನಾರಿನಲ್ಲಿ ಒಗರು ಹೆಚ್ಚು. ನೀರು ಕಂದಾಗುವುದು ನಿಲ್ಲುವ ತನಕ ತೊಳೆಯಬೇಕು. ರಸ್ತೆ ಬದಿ ರಾಶಿ ಬಿದ್ದ ಅಡಿಕೆ ಸಿಪ್ಪೆ ಪುಕ್ಕಟೆ ಎಂದು ಹಸಿಯಾಗಿ ತುಂಬಿದಿರೋ, ಒಳಗೆ ಕಾವೆದ್ದು ಬೇರು ಬೇಯುತ್ತದೆ. ಒಂದೆರಡು ಮಳೆಗಾಲ ಕಂಡ ಹಳೆ ಸಿಪ್ಪೆಯಾದರೆ ನಾರಿನ ಜೊತೆ ಸ್ವಲ್ಪ ಬೆರೆಸಬಹುದು.

ಗಿಡಕ್ಕೆ ನರ್ಸರಿಗೆ ಓಡಬೇಕಾಗಿಲ್ಲ. ಕಾಡುಬಸಳೆಯ ಒಂದು ಎಲೆಯನ್ನು ಒದ್ದೆ ನೆಲಕ್ಕೆ ಬಿಸಾಡಿ ಬನ್ನಿ, ಸ್ವಲ್ಪ ದಿನದಲ್ಲಿ ಅದರ ಅಂಚಿನ ಕಚ್ಚುಗಳಿಂದ ಪುಟ್ಟ ಪುಟ್ಟ ಸಸಿಗಳು ಬೇರು ಸಮೇತ ಏಳುತ್ತವೆ. ಅವೇ ಸಾಕು, ಉದ್ದ ಬೆಳೆದಾಗ ಚಿವುಟುತ್ತಿದ್ದರಾಯಿತು. ಜೊತೆಗೆ ಲೋಳೆಸರದ ಮರಿಗಳು. ಯಾರ ಮನೆಯಲ್ಲಾದರೂ ಒಂದೆರಡು ಕುಂಡ ಎಚೆವೇರಿಯಾ ಇದ್ದರೆ ಕೇಳಿ ತಂದ ತುಂಡುಗಳು. ಆದರೆ ಮುರಿದ ತುಂಡನ್ನು ಅಂದೇ ನೆಡಬಾರದು. ನೆರಳಲ್ಲಿ ಮೂರು ನಾಲ್ಕು ದಿನ ಬಿಟ್ಟರೆ ಗಾಯ ಒಣಗಿ ಪೊರೆ ಕಟ್ಟುತ್ತದೆ. ಆಮೇಲೆ ಕಡ್ಡಿಯಿಂದ ತೂತು ಮಾಡಿ, ಒತ್ತೊತ್ತಾಗಿ ಕೂರಿಸಿ, ಬಗ್ಗಿಸಿದ ತಂತಿಯಿಂದ ಹಿಡಿಸಿ, ಒಂದೂವರೆ ತಿಂಗಳಾದರೂ ಜಗಲಿಯ ಮೇಲೆ ಮಲಗಿಸಿಯೇ ಇಡಬೇಕು. ಬೇರು ನಾರನ್ನು ಹಿಡಿಯುವ ಮೊದಲೇ ನೇತುಹಾಕಿದವರು ಮಾರನೆಯ ದಿನ ಹೊಸ್ತಿಲ ಮೇಲೆ ತುಂಡು ಆರಿಸುತ್ತಾರೆ.

ನಮ್ಮನೆಯದು ಬಾಗಿಲಿಗೆ ಏರಿದ ದಿನ ಎದುರುಮನೆ ಅಜ್ಜಿ ಬಂದು ಸೊಂಟಕ್ಕೆ ಕೈಕೊಟ್ಟು ನಿಂತರು.

"ಏನವ್ವಾ ಇದು, ಬಾಗ್ಲಿಗೆ ಸಿಂಬಿ ಕಟ್ಟೀಯಲ್ಲ? ಕೊಡ ಎಲ್ಲಿ?"

"ಗಿಡ ಅಜ್ಜಿ, ಬೇರು ಬಿಟ್ಟೈತೆ."

"ನೀರು?"

"ವಾರಕ್ಕೊಂದ್ಸಲ ಇಳಿಸಿ ನೆನೆಸಬೇಕು."

"ಹಂಗಾರೆ ಇದಕ್ಕೂ ಒಂದು ಚಾಕರಿ ಆತು. ನಮ್ ಲೋಳೆಸರ ನೋಡು, ಕೇಳದೂ ಇಲ್ಲ, ಬೇಡದೂ ಇಲ್ಲ."

ಅಜ್ಜಿಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಈ ಚಾಕರಿ ನನಗೆ ಇಷ್ಟ. ತೋರಣದ ಜಾಗವನ್ನು ಇದಕ್ಕೆ ಕೊಡಲಾರೆ; ಹಬ್ಬದ ಬೆಳಿಗ್ಗೆ ಮಾವಿನೆಲೆಯ ವಾಸನೆಯಿಲ್ಲದ ಬಾಗಿಲು ಬಾಗಿಲೇ ಅಲ್ಲ. ಸಿಂಬೆ ಹಬ್ಬವಿಲ್ಲದ ದಿನಗಳಿಗೆ. ನನ್ನ ತಕರಾರು ಇರುವುದು ಪ್ಲಾಸ್ಟಿಕ್ ತೋರಣದ ಮೇಲೆ. ಅದು ಒಣಗುವುದೂ ಇಲ್ಲ, ಬೆಳೆಯುವುದೂ ಇಲ್ಲ. ಧೂಳು ಹಿಡಿದು ಬಣ್ಣ ಮಾಸಿದರೂ ಇಳಿಸಬೇಕೆಂದು ಯಾರಿಗೂ ಅನಿಸುವುದಿಲ್ಲ.

ಮಾಡಹೊರಟವರಿಗೆ ಎರಡು ಮಾತು. ಮಳೆಗಾಲದಲ್ಲಿ ಎರಚಲು ತಾಗದ ಕಡೆ ತೂಗುಹಾಕಿ, ನೀರು ಪೂರ್ತಿ ನಿಲ್ಲಿಸಿದರೂ ನಡೆದೀತು. ಇವು ಬಾಯಾರಿಕೆಗಿಂತ ಹೆಚ್ಚಾಗಿ ಸಾಯುವುದು ಕೊಳೆತು. ಜಗಳೂರು ಕಡೆಯ ಬೇಲಿಗಳಲ್ಲಿ ಸಿಗುವ ಕಳ್ಳಿ ಎಷ್ಟೇ ಚೆಂದ ಕಂಡರೂ ಸಿಂಬೆಗೆ ಸೇರಿಸಬೇಡಿ. ಅದರ ಹಾಲು ಚರ್ಮಕ್ಕೆ ಬಿದ್ದರೆ ಉರಿ, ಕಣ್ಣಿಗೆ ಬಿದ್ದರೆ ಆಸ್ಪತ್ರೆಯೇ ಗತಿ, ಮತ್ತು ಬಾಗಿಲಲ್ಲಿ ಮಕ್ಕಳು ಓಡಾಡುತ್ತಿರುತ್ತಾರೆ.