ಗಾಲಿಯ ಮೇಲಿನ ಮನೆಗೆ ಜಾಗವೆಲ್ಲಿ?

ಅಡಿಗೆಮನೆ, ಹಾಸಿಗೆ, ಶೌಚಾಲಯ ಎಲ್ಲವೂ ಗಾಲಿಯ ಮೇಲೆಯೇ. ಆದರೂ ಬೇಸಿಗೆಯ ಫ್ರಾನ್ಸಿನಲ್ಲಿ ಮೋಟಾರ್‌ಹೋಮ್ ಏರಿ ಹೊರಟ ಕುಟುಂಬಕ್ಕೆ ಸಂಜೆಯಾದೊಡನೆ ಒಂದೇ ಚಿಂತೆ: ರಾತ್ರಿ ಗಾಡಿ ನಿಲ್ಲಿಸುವುದೆಲ್ಲಿ?

ಜುಲೈ, ಆಗಸ್ಟ್ ಅಲ್ಲಿನ ಶಾಲೆಗಳಿಗೆ ರಜೆಯ ಕಾಲ. ಇಡೀ ದೇಶವೇ ಕಡಲಿನತ್ತ ಹೊರಟಂತಿರುತ್ತದೆ. ಜುಲೈ ಕೊನೆಗೆ ಹೋಗುವವರೂ ಮರಳುವವರೂ ಹೆದ್ದಾರಿಗಳನ್ನು ತುಂಬಿಬಿಡುತ್ತಾರೆ. 'ಏರ್' ಎಂಬ ತಂಗುದಾಣಗಳಲ್ಲಿ ನೀರು ತುಂಬಿಸಿಕೊಳ್ಳಬಹುದು, ಕೊಳೆನೀರು ಖಾಲಿ ಮಾಡಬಹುದು. ಆದರೆ ಹಲವೆಡೆ ಮೊದಲು ಬಂದವರಿಗಷ್ಟೇ ಜಾಗ. ತಡವಾಗಿ ಬಂದವರು, ಹಿಂದೆ ಮಕ್ಕಳು ತೂಕಡಿಸುತ್ತಿರುವಾಗ, ಊರಿಂದೂರಿಗೆ ಅಲೆಯಬೇಕು. ಕಡಲತೀರದಲ್ಲೇ ಬಿಡಾರ ಹೂಡೋಣವೆಂದರೆ ಕಾನೂನು ಅಡ್ಡ ಬರುತ್ತದೆ.

ಬಲ್ಲವರು ಮಧ್ಯಾಹ್ನಕ್ಕೇ ಜಾಗ ಹಿಡಿಯುತ್ತಾರೆ. ಇಲ್ಲವೇ ಕಡಲಿಗೆ ಬೆನ್ನು ತಿರುಗಿಸಿ, ಜನವಿರಳವಾದ ಲೊಜೇರ್‌ನಂಥ ಒಳನಾಡಿಗೆ ಹೊರಳುತ್ತಾರೆ. ಊರಾಡಳಿತವೇ ನಡೆಸುವ ಸರಳ ಕ್ಯಾಂಪಿಂಗ್ ಬಯಲುಗಳು ಹಳ್ಳಿಗಾಡಿನಲ್ಲಿವೆ. 1993ರಲ್ಲಿ ಆರಂಭವಾದ 'ಫ್ರಾನ್ಸ್ ಪಾಸಿಯೋಂ' ಕೂಟದ ಸದಸ್ಯರಾದರೆ ದ್ರಾಕ್ಷಿ ಬೆಳೆಗಾರರ, ರೈತರ ಜಮೀನಿನಲ್ಲಿ ಒಂದು ರಾತ್ರಿ ಉಚಿತವಾಗಿ ತಂಗಬಹುದು. ಏನನ್ನಾದರೂ ಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ. ಮನೆಯವರನ್ನು ಕಂಡು ಮಾತಾಡಿಸುವುದು, ಕಸ ಉಳಿಸದೆ ಹೊರಡುವುದು, ಇಷ್ಟೇ ಅತಿಥಿಯ ಮರ್ಯಾದೆ.

ಕಡಲು ತಪ್ಪಿತೆಂದು ಮಕ್ಕಳು ಮುನಿಸಿಕೊಂಡಾರು. ಬೆಳಿಗ್ಗೆ ಕೋಳಿ ಕೂಗಿಗೆ ಎದ್ದು ದ್ರಾಕ್ಷಿತೋಟದ ಸಾಲುಗಳ ನಡುವೆ ಓಡಿದಾಗ ಆ ಮುನಿಸು ಉಳಿಯಲಾರದು.