ಕೈ ಆಡಿದರೆ ಪದ ಬರುತ್ತದೆ

ಹಿಂಜವಡಿ ಅಂದರೆ ನಮ್ಮವರಿಗೆ ಐಟಿ ಪಾರ್ಕು, ಸಂಜೆಯ ಟ್ರಾಫಿಕ್ಕು. ಅದು ಮುಳಶಿ ತಾಲ್ಲೂಕಿನ ಊರು ಎಂಬುದು ಫ್ಲ್ಯಾಟಿನ ಕಾಗದಕ್ಕೆ ಸಹಿ ಹಾಕುವಾಗಷ್ಟೇ ಕಣ್ಣಿಗೆ ಬೀಳುತ್ತದೆ. ಇದೇ ಮುಳಶಿಯ ಹಳ್ಳಿಗಳಿಂದ ಹಿಡಿದು ಮಹಾರಾಷ್ಟ್ರದ ಸಾವಿರಕ್ಕೂ ಹೆಚ್ಚು ಊರುಗಳಲ್ಲಿ ಹೆಂಗಸರು ಬೀಸುವಾಗ ಹಾಡುವ ಓವಿಗಳನ್ನು ಪುಣೆಯ ಹೇಮಾ ರಾಯರ್ಕರ್ ಮತ್ತು ಗೀ ಪ್ವಾತೆವಾಂ ತಮ್ಮ ಬಳಗದೊಂದಿಗೆ ಸಂಗ್ರಹಿಸಿದರು. ಒಟ್ಟು ಒಂದು ಲಕ್ಷಕ್ಕೂ ಮೀರಿದ ಪದಗಳು. ಅದರಲ್ಲಿ ಸ್ವಲ್ಪ ಭಾಗಕ್ಕೆ ಮಾತ್ರ ಧ್ವನಿಮುದ್ರಣವಿದೆ. ಪಿ. ಸಾಯಿನಾಥ್ ಅವರ 'ಪರಿ' ಜಾಲತಾಣ 2017ರಿಂದ ಅವನ್ನು ಹಾಡಿದವರ ಹೆಸರು, ಊರುಗಳ ಸಮೇತ ಪ್ರಕಟಿಸುತ್ತಿದೆ.

ನಮ್ಮಲ್ಲಿ ಹಲಸಂಗಿ ಗೆಳೆಯರು 1931ರಲ್ಲೇ 'ಗರತಿಯ ಹಾಡು' ತಂದಿದ್ದರು. ಪುಸ್ತಕ ಇವತ್ತಿಗೂ ಸಿಗುತ್ತದೆ, ಹಾಡಿದವರ ದನಿ ಸಿಗುವುದಿಲ್ಲ. ಆಗ ಮಷಿನ್ ಎಲ್ಲಿತ್ತು ಅನ್ನಬಹುದು. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಇದೆ.

ಈ ಯೋಚನೆ ಹತ್ತಿದ್ದು ಗೋಂದವಲೆಗೆ ಹೋದಾಗ. ಮಹಾರಾಜರ ದರ್ಶನ ಮುಗಿಸಿ ಪಂಢರಪುರದ ರಸ್ತೆಯಲ್ಲಿ ಮುಂದೆ ಹೋದರೆ ಮ್ಹಸವಡ. ಸಾತಾರಾ ಜಿಲ್ಲೆಯ ಮಾಣ ತಾಲ್ಲೂಕು, ಮಳೆ ಕಾಣದ ಸೀಮೆ, ಕುರಿ ಕಾಯುವ ಧನಗರರ ಊರುಗಳು. ನಮ್ಮ ಬೀರಪ್ಪ ಇಲ್ಲಿ ಬಿರೋಬಾ. ಕಾರಿನ ರೇಡಿಯೋ 90.4ಕ್ಕೆ ತಿರುಗಿಸಿದರೆ ಹೆಂಗಸೊಬ್ಬಳ ಮಾತು ಕೇಳಿಸಿತು. ಪುಣೆಯ ಸದಾಶಿವ ಪೇಠದ ಮರಾಠಿ ಅಲ್ಲ, ಸಂತೆಯಲ್ಲಿ ನಿಂತು ಆಡುವ ಮರಾಠಿ. ಮಾಣದೇಶಿ ಫೌಂಡೇಶನ್ 2008ರಲ್ಲಿ ಶುರು ಮಾಡಿದ ಸಮುದಾಯ ರೇಡಿಯೋ ಅದು. ಒಂದಷ್ಟು ದೂರ ಹೋಗುವಷ್ಟರಲ್ಲಿ ಗೊರಗೊರ ಶುರುವಾಯಿತು. ಇಂಥ ಕೇಂದ್ರಕ್ಕೆ ಸಿಗುವ ಶಕ್ತಿ 100 ವ್ಯಾಟ್, ಗೋಪುರ 30 ಮೀಟರ್, ದನಿ ಮುಟ್ಟುವುದು ಸುತ್ತಲಿನ ಹತ್ತು ಹದಿನೈದು ಕಿಲೋಮೀಟರ್. ಸುದ್ದಿ ಹೇಳಬೇಕೆಂದರೆ ಆಕಾಶವಾಣಿಯದನ್ನೇ ಹಾಕಬೇಕು. ಆದರೆ ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧ ಆ ಊರಲ್ಲೇ ತಯಾರಾಗಬೇಕೆಂಬ ನಿಯಮವೂ ಇದೆ. ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಪರವಾನಗಿ, ಟ್ರಾನ್ಸ್‌ಮಿಟರ್ ಬಂದ ಮೇಲೂ ಊರಿನವರಿಗೇ ಮೈಕು ಹಿಡಿಯಲು ಬಾರದಿದ್ದರೆ ಆ ಅರ್ಧವನ್ನು ಸಿನಿಮಾ ಹಾಡು ತುಂಬಿಬಿಡುತ್ತದೆ.

ಪುಣೆಯಲ್ಲೂ ವಿಶ್ವವಿದ್ಯಾಲಯದ 'ವಿದ್ಯಾವಾಣಿ' 2005ರಿಂದ ಇದೆ. ಆಗಿನ ನಿಯಮದಲ್ಲಿ ವಿದ್ಯಾಸಂಸ್ಥೆಗಳಿಗೆ ಮಾತ್ರ ಅವಕಾಶ; ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರಲ್ಲಿ.

ನಮ್ಮ ಸೊಸೈಟಿಯ ಕನ್ನಡದ ಹೆಂಗಸರು ಹತ್ತು ಜನ ಸೇರಿ, ರೇಡಿಯೋದಲ್ಲಿ ಕೆಲಸ ಮಾಡಿದ ಹುಡುಗಿಯೊಬ್ಬಳನ್ನು ಕರೆಸಿ ಎರಡು ಭಾನುವಾರ ಪಾಠ ಹೇಳಿಸಿಕೊಂಡೆವು. ಅವಳು ಕಲಿಸಿದ್ದು ಇಷ್ಟೇ: ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನು ಆರಿಸಿ, ಬಾಯಿಂದ ಒಂದು ಗೇಣು ದೂರ ಹಿಡಿಯಿರಿ. ಹಾಡುವವರ ಹೆಸರು, ಊರು ಅವರ ಬಾಯಲ್ಲೇ ಹೇಳಿಸಿ. ನಡುವೆ "ಹೂಂ, ಹೂಂ" ಅನ್ನಬೇಡಿ. ಈ ಕೊನೆಯದು ಎಷ್ಟು ಕಷ್ಟ ಅಂತ ಮಾಡಿ ನೋಡಿದವರಿಗೇ ಗೊತ್ತು.

ನಾನು ಹಿಡಿದು ಕೂರಿಸಿದ್ದು ನಮ್ಮ ಅತ್ತೆಯವರನ್ನು. ಎಪ್ಪತ್ತೆಂಟು ವರ್ಷ, ತವರು ಇಂಡಿ ತಾಲ್ಲೂಕು. ಸೋಫಾದ ಮೇಲೆ ನೆಟ್ಟಗೆ ಕೂತು, ಸೆರಗು ಹೊದ್ದು, ಒಂದು ಪದ ಅರ್ಧ ಹೇಳಿ ನಿಲ್ಲಿಸಿದರು.

"ಕಲ್ಲಿಲ್ದ ಪದಾ ಹೆಂಗ ಬರ್ತಾವ? ಕೈ ಸುಮ್ನಿದ್ರ ಬಾಯೀನೂ ಸುಮ್ನ."

ಪುಣೆಯ ಮೂರನೇ ಮಹಡಿಗೆ ಬೀಸುಕಲ್ಲು ಎಲ್ಲಿಂದ ತರುವುದು? ಅಡುಗೆಮನೆಯಲ್ಲಿ ನೆಲದ ಮೇಲೆ ಕೂರಿಸಿ, ಮುಂದೆ ಸ್ಟೀಲಿನ ಪರಾತ ಇಟ್ಟು, ಜೋಳದ ಹಿಟ್ಟು ನಾದಲು ಕೊಟ್ಟೆ. ಕೈ ಸುತ್ತ ತಿರುಗಲು ಶುರುವಾದ ಮೇಲೆ ಒಂದರ ಹಿಂದೆ ಒಂದು ಹದಿನಾಲ್ಕು ಪದ ಬಂದವು. ಅಣ್ಣನ ಮೇಲೆ, ತವರಿನ ಮೇಲೆ, ಸೊನ್ನಲಗಿ ಸಿದ್ಧರಾಮನ ಮೇಲೆ. ರೆಕಾರ್ಡಿಂಗಿನಲ್ಲಿ ಪರಾತದ ಸದ್ದೂ ಇದೆ, ಅದನ್ನು ಕತ್ತರಿಸಿಲ್ಲ.

ಹದಿನೈದನೆಯದು ಅವರ ಅತ್ತೆಯ ಮೇಲೆ ಕಟ್ಟಿದ್ದು. ಖಾರವಾಗಿತ್ತು, ಇಬ್ಬರೂ ನಕ್ಕೆವು. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಫೋನಿನ ಕಡೆ ನೋಡಿದರು. "ಇದೊಂದು ಯಾರಿಗೂ ಕೇಳಸಬ್ಯಾಡವಾ. ಆಕಿ ಮೊಮ್ಮಕ್ಕಳು ಅದಾರ." ಮೊಮ್ಮಕ್ಕಳೆಂದರೆ ನನ್ನ ಗಂಡ, ನಾದಿನಿ. ಅದನ್ನು ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದೇನೆ.