ಎಪ್ಪತ್ತೈದು ವ್ಯಾಟ್‌ನೊಳಗಿನ ಆಟ

ಶನಿವಾರ ಮಧ್ಯಾಹ್ನ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಾರನೆಯ ದಿನ ಬಹುಪಾಲು ಅಂಗಡಿಗಳಿಗೆ ರಜೆ. ಹಾಗಾಗಿ ಕಾಲೇಜು ಮುಗಿಸಿದ ಹುಡುಗರು ಟೌನ್ ಹಾಲ್ ಕಡೆಯಿಂದ ಗುಂಪುಗುಂಪಾಗಿ ಬರುತ್ತಾರೆ. ಜೇಬಿನಲ್ಲಿ ಇಪ್ಪತ್ತೋ ಇಪ್ಪತ್ತೈದೋ ಸಾವಿರ ರೂಪಾಯಿ, ಮೊಬೈಲಿನಲ್ಲಿ ಗೇಮಿಂಗ್ ಕಂಪ್ಯೂಟರಿನ ಬಿಡಿಭಾಗಗಳ ಪಟ್ಟಿ. "ಬಜೆಟ್ ಎಷ್ಟು?" ಎಂಬುದು ಅಂಗಡಿಯವರ ಮೊದಲ ಪ್ರಶ್ನೆ. ಆದರೆ ಅದಕ್ಕೂ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆಗಳು ಎರಡಿವೆ: ಆಡುವುದು ಯಾವ ಆಟ, ನೋಡುವುದು ಎಂಥ ಮಾನಿಟರ್‌ನಲ್ಲಿ?

ಇವೆರಡು ಗೊತ್ತಾದರೆ ಅರ್ಧ ಲೆಕ್ಕ ಮುಗಿದಂತೆ. 2020ರಲ್ಲಿ ಬಂದ ವ್ಯಾಲರಂಟ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೇ ಇಲ್ಲದ ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್‌ನಲ್ಲೂ ಸೆಕೆಂಡಿಗೆ 30 ಫ್ರೇಮ್‌ನಲ್ಲಿ ಓಡುವ ಹಾಗೆ ತಯಾರಾದ ಆಟ. ಮಾನಿಟರ್‌ನ ಲೆಕ್ಕ ಇನ್ನೂ ಸರಳ. ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ, ಹಳೆಯ 1366×768 ಪರದೆಯಲ್ಲಿರುವುದು ಸುಮಾರು 10.5 ಲಕ್ಷ. ಪ್ರತಿ ಫ್ರೇಮಿಗೂ ಕಾರ್ಡ್ ಬಿಡಿಸಬೇಕಾದ ಚುಕ್ಕೆಗಳು ಅರ್ಧಕ್ಕಿಳಿಯುತ್ತವೆ. ಮನೆಯಲ್ಲಿ ಅಂಥದೊಂದು ಪರದೆ ಇದ್ದರೆ ಅದನ್ನೇ ಇಟ್ಟುಕೊಳ್ಳುವುದು ಜಾಣತನ. ಮಾನಿಟರ್‌ಗೆಂದು ತೆಗೆದಿಟ್ಟ ಹಣವೂ ಆಗ ಕಾರ್ಡಿಗೆ ಒದಗುತ್ತದೆ.

ಇನ್ನು ಯಂತ್ರ. ಐಟಿ ಕಂಪನಿಗಳು, ಬ್ಯಾಂಕುಗಳು ತಮ್ಮ ಡೆಸ್ಕ್‌ಟಾಪ್‌ಗಳನ್ನು ಕೆಲವು ವರ್ಷಕ್ಕೊಮ್ಮೆ ಲಾಟ್ ಲೆಕ್ಕದಲ್ಲಿ ಹೊರಹಾಕುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳು ರಿಫರ್ಬಿಶ್ಡ್ ಅಂಗಡಿಗಳ ಮುಂದೆ ಒಂದರ ಮೇಲೊಂದು ಪೇರಿಸಿ ನಿಂತಿರುವುದು ಇದೇ ಕಾರಣಕ್ಕೆ. ದೂಳು ಹಿಡಿದ ಆ ಕಪ್ಪು ಡಬ್ಬಗಳನ್ನು ಕಡೆಗಣಿಸುವಂತಿಲ್ಲ. 2015ರಲ್ಲಿ ಜಿಟಿಎ 5 ಕಂಪ್ಯೂಟರಿಗೆ ಬಂದಾಗ ಅದರ ತಯಾರಕರು ಶಿಫಾರಸು ಮಾಡಿದ್ದ ಇಂಟೆಲ್ ಪ್ರೊಸೆಸರ್ ಕೋರ್ ಐ5-3470. ಆಪ್ಟಿಪ್ಲೆಕ್ಸ್ 7010ರಲ್ಲಿ ಎಷ್ಟೋ ಗುಮಾಸ್ತರ ಮೇಜಿನ ಮೇಲೆ ಎಕ್ಸೆಲ್ ಓಡಿಸುತ್ತಿದ್ದದ್ದು ಅದೇ ಪ್ರೊಸೆಸರ್. ಅದಕ್ಕೆ 8 ಜಿಬಿ ರ‍್ಯಾಮ್, ಹಳೆಯ ಹಾರ್ಡ್‌ಡಿಸ್ಕ್ ಜಾಗಕ್ಕೊಂದು ಸಾಟಾ ಎಸ್‌ಎಸ್‌ಡಿ ಸೇರಿಸಿದರೆ ಉಳಿಯುವ ಕೊರತೆ ಒಂದೇ: ಗ್ರಾಫಿಕ್ಸ್ ಕಾರ್ಡ್.

ಇಲ್ಲಿ 75 ಎಂಬ ಸಂಖ್ಯೆ ಬರುತ್ತದೆ. ಮದರ್‌ಬೋರ್ಡಿನ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಒಂದು ಕಾರ್ಡಿಗೆ ಗರಿಷ್ಠ 75 ವ್ಯಾಟ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ಆರು ಅಥವಾ ಎಂಟು ಪಿನ್‌ನ ವೈರ್ ಎಳೆಯಬೇಕು. ಕಚೇರಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಅಂಥ ವೈರೇ ಇರುವುದಿಲ್ಲ. ಹೀಗಾಗಿ ಬಡ ಬಜೆಟ್ಟಿನ ಚರಿತ್ರೆಯಲ್ಲಿ ಎರಡು ಕಾರ್ಡುಗಳಿಗೆ ದೊಡ್ಡ ಹೆಸರು. ಒಂದು, 2014ರ ಫೆಬ್ರುವರಿಯಲ್ಲಿ ಬಂದ ಎನ್‌ವಿಡಿಯಾ ಜಿಟಿಎಕ್ಸ್ 750 ಟಿಐ. ಅದಕ್ಕೆ ಸಾಕಾಗಿದ್ದು 60 ವ್ಯಾಟ್. ಇನ್ನೊಂದು, 2016ರ ಅಕ್ಟೋಬರಿನಲ್ಲಿ ಬಂದ 4 ಜಿಬಿ ಮೆಮೊರಿಯ ಜಿಟಿಎಕ್ಸ್ 1050 ಟಿಐ. ಅದರದು ಸರಿಯಾಗಿ 75 ವ್ಯಾಟ್. ಎರಡನೆಯದರ ಎಷ್ಟೋ ಮಾದರಿಗಳನ್ನು ಸ್ಲಾಟಿಗೆ ಒತ್ತಿ, ಸ್ಕ್ರೂ ಬಿಗಿದು, ಎಚ್‌ಡಿಎಂಐ ಕೇಬಲ್ ಹಾಕಿದರೆ ಕೆಲಸ ಮುಗಿಯಿತು. ಐ5-3470ರ 77 ವ್ಯಾಟ್‌ಗೆ ಕಾರ್ಡಿನ 75 ಸೇರಿದರೆ 152. ಆಪ್ಟಿಪ್ಲೆಕ್ಸ್ 7010ರ ಟವರ್ ಮಾದರಿಯಲ್ಲಿ ಮೊದಲಿನಿಂದಲೂ ಇರುವ 275 ವ್ಯಾಟ್‌ನ ಎಸ್‌ಎಂಪಿಎಸ್ ಇದನ್ನು ನಿರಾಯಾಸವಾಗಿ ಹೊರುತ್ತದೆ. ಆದರೆ ಟವರ್ ಬದಲು ತೆಳ್ಳನೆಯ ಕ್ಯಾಬಿನೆಟ್ ಕೊಂಡವರಿಗೆ ಅರ್ಧ ಎತ್ತರದ ಲೋ ಪ್ರೊಫೈಲ್ ಕಾರ್ಡೇ ಬೇಕು. ಕೊಳ್ಳುವ ಮುನ್ನ ಮುಚ್ಚಳ ತೆಗೆಸಿ ನೋಡುವುದು ಒಳ್ಳೆಯದು.

ಇದನ್ನು ಮೀರಿ ಹೋಗುವ ಆಸೆ ಸಹಜ. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಕ್ರಿಪ್ಟೊಕರೆನ್ಸಿ ತನ್ನ ವ್ಯವಸ್ಥೆ ಬದಲಿಸಿ ಗ್ರಾಫಿಕ್ಸ್ ಕಾರ್ಡ್‌ಗಳ ಮೈನಿಂಗ್‌ಗೆ ಕೊನೆ ಹಾಡಿತು. ಅಲ್ಲಿಯವರೆಗೆ ಹಗಲುರಾತ್ರಿ ದುಡಿದಿದ್ದ ಎಎಂಡಿ ಆರ್‌ಎಕ್ಸ್ 580ರಂಥ ಕಾರ್ಡುಗಳು ರಾಶಿರಾಶಿಯಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಿದ್ದವು. ಕೊಟ್ಟ ಹಣಕ್ಕೆ ಸಿಗುವ ಬಲ ನೋಡಿದರೆ ಒಳ್ಳೆಯ ಕಾರ್ಡೇ. ಆದರೆ ಅದರ ಹಸಿವು 185 ವ್ಯಾಟ್. ಕಚೇರಿ ಯಂತ್ರದ ಎಸ್‌ಎಂಪಿಎಸ್ ಬದಲಿಸದೆ ಗತಿಯಿಲ್ಲ. ಆಪ್ಟಿಪ್ಲೆಕ್ಸ್ 9020ರಂಥವುಗಳಲ್ಲಿ ಮದರ್‌ಬೋರ್ಡಿಗೆ ಹೋಗುವ ಪ್ಲಗ್ಗೂ ಮಾಮೂಲಿ 24 ಪಿನ್‌ನದಲ್ಲ, 8 ಪಿನ್‌ನದು. ಬದಲಿಸಲು ಅಡಾಪ್ಟರ್ ಬೇರೆ ಹುಡುಕಬೇಕು.

ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬಾರದು. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಪೆಟ್ಟಿಗೆಯ ಮೇಲೆ "450 ವ್ಯಾಟ್" ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ. ಅದನ್ನು ಬಿಟ್ಟು ಪಕ್ಕದ ಸ್ಟಿಕ್ಕರಿನ ಸಣ್ಣ ಕೋಷ್ಟಕ ಓದಬೇಕು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಎಳೆದುಕೊಳ್ಳುವುದು 12 ವೋಲ್ಟ್ ಸಾಲಿನಿಂದ. ಆ ಸಾಲಿನಲ್ಲಿ 16 ಆಂಪಿಯರ್ ಎಂದಿದ್ದರೆ, 12ನ್ನು 16ರಿಂದ ಗುಣಿಸಿ: 192 ವ್ಯಾಟ್. ಆರ್‌ಎಕ್ಸ್ 580 ಒಂದಕ್ಕೇ ಅದು ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಆಟ ರಂಗೇರಿದಾಗ ಯಂತ್ರ ತಟ್ಟನೆ ಆಫ್ ಆಗುವುದಕ್ಕೆ ಇದೇ ಕಾರಣ ಇರಬಹುದು. ಕಳಪೆ ಎಸ್‌ಎಂಪಿಎಸ್ ಸುಟ್ಟರೆ ತಾನೊಂದೇ ಹೋಗದೆ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗುವ ಅಪಾಯವಿದೆ. ಬಣ್ಣದ ದೀಪದ ಫ್ಯಾನು, ಗಾಜಿನ ಬಾಗಿಲಿನ ಕ್ಯಾಬಿನೆಟ್ಟು ಮುಂದಿನ ವರ್ಷಕ್ಕಿರಲಿ. ಆ ಹಣ 80 ಪ್ಲಸ್ ಪ್ರಮಾಣಪತ್ರವಿರುವ ಎಸ್‌ಎಂಪಿಎಸ್‌ಗೆ ಹೋಗಲಿ.

ಹಳೆಯ ಕಾರ್ಡ್ ಕೊಳ್ಳುವಾಗ ಕಣ್ಣು ಚುರುಕಾಗಿರಬೇಕು. 2011ರ ಜಿಟಿಎಕ್ಸ್ 550 ಟಿಐ ಕಾರ್ಡಿನ ಬಯೋಸ್ ತಿದ್ದಿ 1050 ಟಿಐ ಎಂದು ಮಾರುವ ದಂಧೆ ಇದೆ. ಅದನ್ನು ಹಿಡಿಯಲು ಕಾರ್ಡನ್ನು ತಿರುಗಿಸಿ ಹಿಂಬದಿಯ ಪೋರ್ಟ್‌ಗಳನ್ನು ನೋಡಿದರೂ ಸುಳಿವು ಸಿಗುತ್ತದೆ. 1050 ಟಿಐ ಚಿಪ್‌ನಲ್ಲಿ ಅನಲಾಗ್ ಸಿಗ್ನಲ್ ಹೊರಡುವ ವ್ಯವಸ್ಥೆಯೇ ಇಲ್ಲ. ನೀಲಿ ಬಣ್ಣದ ವಿಜಿಎ ಪೋರ್ಟ್ ಕಂಡರೆ ಅನುಮಾನಿಸಲೇಬೇಕು. ಅಂಗಡಿಯಲ್ಲೇ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದರೆ ಇಂಥ ನಕಲಿಗಳನ್ನು ಅದು ಗುರುತಿಸಿ ಹೇಳುತ್ತದೆ. ಆಮೇಲೆ ಅರ್ಧ ಗಂಟೆ ಭಾರಿ ಆಟವೊಂದನ್ನು ಓಡಿಸಬೇಕು. ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ ಮೂಡುತ್ತವೆಯೇ? ಫ್ಯಾನ್ ಕರಕರ ಎನ್ನುತ್ತದೆಯೇ? ಇದಕ್ಕೆ ಒಪ್ಪದ ಅಂಗಡಿಯಿಂದ ಮುಂದಿನ ಅಂಗಡಿಗೆ ಹತ್ತೇ ಹೆಜ್ಜೆ.

ಹೊಸದೇ ಬೇಕು, ವಾರಂಟಿ ಬೇಕು ಎನ್ನುವವರಿಗೆ ಇನ್ನೊಂದು ದಾರಿ ಇದೆ: ಗ್ರಾಫಿಕ್ಸ್ ಒಳಗೊಂಡ ಪ್ರೊಸೆಸರ್. 2021ರಲ್ಲಿ ಬಂದ ಎಎಂಡಿ ರೈಜೆನ್ 5 5600ಜಿ ಆರು ಕೋರ್‌ಗಳದ್ದು. ಸಾಧಾರಣ ಆಟಗಳಿಗೆ ಕಾರ್ಡಿನ ಹಂಗಿಲ್ಲ. ಇಲ್ಲಿ ಬಹಳ ಮಂದಿ ಎಡವುವುದು ರ‍್ಯಾಮ್‌ನಲ್ಲಿ. 16 ಜಿಬಿಯ ಒಂದೇ ಕಡ್ಡಿ ಹಾಕಿದರೂ ಸಾಕಲ್ಲ ಎನ್ನುತ್ತಾರೆ. ಡಿಡಿಆರ್4-3200 ರ‍್ಯಾಮ್‌ನ ಒಂದು ಚಾನೆಲ್ ಸೆಕೆಂಡಿಗೆ 25.6 ಜಿಬಿ ಸಾಗಿಸಿದರೆ, 8 ಜಿಬಿಯ ಎರಡು ಕಡ್ಡಿಗಳನ್ನು ಎರಡು ಚಾನೆಲ್‌ಗೆ ಹಾಕಿದಾಗ ಅದು 51.2 ಆಗುತ್ತದೆ. ಒಂದೇ ಕೊಡವನ್ನು ಎರಡು ನಲ್ಲಿಗಳಿಂದ ತುಂಬಿಸಿದ ಹಾಗೆ. ಈ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲದ ಕಾರಣ ಆಟದ ಓಟದಲ್ಲಿ ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಗೆ ರ‍್ಯಾಮ್ ಬೆಲೆ ವಿಪರೀತ ಏರಿ ಈ ದಾರಿಯೂ ದುಬಾರಿಯಾಯಿತು. ಹಾಗಾಗಿ ಡಿಡಿಆರ್3 ಕಾಲದ ಕಚೇರಿ ಯಂತ್ರಗಳ ಕಡೆಗೇ ಮತ್ತೆ ನೋಟ ಹೊರಳುತ್ತದೆ.

ಆ ಯಂತ್ರಗಳಿಗೂ ಒಂದು ತೊಡಕುಂಟು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲದ ಸಾಮಾನ್ಯ ಅವಧಿ ಮುಗಿಯಿತು. ವಿಂಡೋಸ್ 11 ಸಾಮಾನ್ಯವಾಗಿ ಇಂಟೆಲ್‌ನ ಎಂಟನೇ ಜೆನ್‌ನಿಂದೀಚೆಯ ಪ್ರೊಸೆಸರ್‌ಗಳನ್ನಷ್ಟೇ ಒಪ್ಪುತ್ತದೆ. ಅದಕ್ಕಿಂತ ಹಳೆಯ ಈ ಯಂತ್ರಗಳಿಗೆ ಲಿನಕ್ಸ್ ಹಾಕಿಕೊಂಡರೆ, ಸ್ಟೀಮ್‌ನ ವಾಲ್ವ್ ಕಂಪನಿ 2018ರಲ್ಲಿ ಹೊರತಂದ ಪ್ರೋಟಾನ್‌ನ ನೆರವಿನಿಂದ ವಿಂಡೋಸ್‌ನ ಬಹಳಷ್ಟು ಆಟಗಳು ಓಡುತ್ತವೆ. ವ್ಯಾಲರಂಟ್ ಮಾತ್ರ ಓಡುವುದಿಲ್ಲ. ಅದರ ವ್ಯಾನ್‌ಗಾರ್ಡ್ ಎಂಬ ಮೋಸ ತಡೆಯುವ ಕಾವಲು ತಂತ್ರಾಂಶ ಲಿನಕ್ಸ್‌ನಲ್ಲಿ ಕೆಲಸ ಮಾಡದು. ಯಾವ ಆಟ ಎಂಬ ಪ್ರಶ್ನೆಯನ್ನು ಮೊದಲೇ ಕೇಳಬೇಕೆನ್ನುವುದು ಈ ಕಾರಣಕ್ಕೂ ಹೌದು.

ಇಷ್ಟೆಲ್ಲ ಲೆಕ್ಕ ಹಾಕಿ ಕಟ್ಟಿದ ಯಂತ್ರ ಮನೆಗೆ ಬಂದರೆ ಅದು ಆಟಕ್ಕಷ್ಟೇ ಮೀಸಲಾಗುವುದಿಲ್ಲ. ಹಗಲು ಅಕ್ಕನ ಟ್ಯಾಲಿ, ಸಂಜೆ ತಮ್ಮನ ಪೈಥಾನ್ ಲ್ಯಾಬ್ ಪ್ರೋಗ್ರಾಂ, ಯಾರದೋ ಮದುವೆಯ ವಿಡಿಯೊ ಎಡಿಟಿಂಗ್, ಬ್ಲೆಂಡರ್‌ನಲ್ಲಿ ಕಲಿಯುವ ಮೂರು ಆಯಾಮದ ಚಿತ್ರ, ಎಲ್ಲಕ್ಕೂ ಅದೇ ಎಸ್‌ಎಸ್‌ಡಿ, ಅದೇ ಕಾರ್ಡ್. "ಆಟಕ್ಕೆ ಇಷ್ಟು ದುಡ್ಡಾ?" ಎಂದು ಕೇಳುವ ಅಪ್ಪನಿಗೆ ಮುಚ್ಚುಮರೆಯಿಲ್ಲದೆ ಕೊಡಬಹುದಾದ ಉತ್ತರ ಇದು. ಎಸ್‌ಎಂಪಿಎಸ್‌ನ ಬಿಲ್ ತೋರಿಸಿ 12 ವೋಲ್ಟ್ ಸಾಲಿನ ಲೆಕ್ಕ ಬಿಡಿಸಿ ಹೇಳುವ ಮಗನ ಮೇಲೆ ಇನ್ನಷ್ಟು ಹಣ ಹೂಡಲು ಎಷ್ಟೋ ಅಪ್ಪಂದಿರು ಮನಸ್ಸು ಮಾಡುತ್ತಾರೆ.